ಕಲ್ಲಿನ ಮೇಲಿನ ಹಕ್ಕಿ ಲೆಕ್ಕ

ಆಗ್ರಾದಲ್ಲಿ ತಾಜ್ ಮಹಲ್ ನೋಡಿ ಜೈಪುರದ ಕಡೆ ಹೊರಟವರಿಗೆ ದಾರಿಯಲ್ಲಿ ಭರತಪುರ ಸಿಗುತ್ತದೆ. ಹೆಚ್ಚಿನವರು ನಿಲ್ಲಿಸದೆ ದಾಟಿಬಿಡುತ್ತಾರೆ. ಇಳಿಯುವವರು ಇಳಿಯುವುದು ಹಕ್ಕಿಗಳಿಗಾಗಿ. ಕೇವಲಾದೇವ್ ಘಾನಾ ಅಂತ ಹೆಸರು, ಸುಮಾರು 29 ಚದರ ಕಿಲೋಮೀಟರ್ ಜಾಗ. ಬೆಂಗಳೂರಿನ ಲೆಕ್ಕದಲ್ಲಿ ನಾಲ್ಕೈದು ದೊಡ್ಡ ಬಡಾವಣೆ ಸೇರಿದರೆ ಅಷ್ಟಾಗಬಹುದು. ಇವತ್ತು ಅದು ರಾಷ್ಟ್ರೀಯ ಉದ್ಯಾನ, ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಅದಕ್ಕೂ ಮೊದಲು ಭರತಪುರದ ಮಹಾರಾಜರ ಖಾಸಗಿ ಬಾತುಬೇಟೆಯ ಜಾಗ.

ಪಾರ್ಕಿನ ನಡುಮಧ್ಯೆ ಕೇವಲಾದೇವ ಅನ್ನೋ ಶಿವನ ಗುಡಿ ಇದೆ. ಅದರ ಹತ್ತಿರ ಕಲ್ಲಿನ ಫಲಕ. ಅಲ್ಲಿ ನಡೆದ ದೊಡ್ಡ ದೊಡ್ಡ ಬೇಟೆಗಳ ಪಟ್ಟಿಯನ್ನು ಅದರ ಮೇಲೆ ಕೆತ್ತಿದ್ದಾರೆ. ಬಂದವರೆಲ್ಲ ಅದರ ಮುಂದೆ ನಿಂತು, ಒಂದು ಫೋಟೋ ತೆಗೆದು, "ಅಯ್ಯೋ ಇಷ್ಟೊಂದಾ!" ಅಂದು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಆ ಇಡೀ ಪಾರ್ಕಿನಲ್ಲಿ ನಿಂತು ಓದಬೇಕಾದ ಪಠ್ಯ ಅದೇ. ಅದನ್ನು ಬರೆಸಿದವರಿದ್ದಾರೆ, ಓದಲಿ ಅಂತ ಅಂದುಕೊಂಡ ಓದುಗರಿದ್ದಾರೆ, ಹೇಳಿದ್ದು ಇದೆ, ಬಿಟ್ಟಿದ್ದು ಇದೆ. ಕಾದಂಬರಿಯನ್ನೋ ಸಿನಿಮಾವನ್ನೋ ವಿಮರ್ಶೆ ಮಾಡುವ ನಾವು ಒಂದು ಕಲ್ಲನ್ನು ಯಾಕೆ ಮಾಡಬಾರದು?

ಮೊದಲು ಕಲ್ಲು ಹೇಳುವುದನ್ನು ಕೇಳೋಣ. 1902ರ ಡಿಸೆಂಬರ್‌ನಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಬಂದಾಗ 17 ಕೋವಿ, 540 ಹಕ್ಕಿ. 1914ರಲ್ಲಿ ಲಾರ್ಡ್ ಹಾರ್ಡಿಂಜ್, 49 ಕೋವಿ, 4,062 ಹಕ್ಕಿ. 1916ರಲ್ಲಿ ಲಾರ್ಡ್ ಚೆಮ್ಸ್‌ಫರ್ಡ್, 50 ಕೋವಿ, 4,206 ಹಕ್ಕಿ. 1938ರ ನವೆಂಬರ್ 12ರಂದು ಲಾರ್ಡ್ ಲಿನ್‌ಲಿತ್‌ಗೋ, 39 ಕೋವಿ, 4,273 ಹಕ್ಕಿ. ಇದು ಒಂದೇ ದಿನದ ಲೆಕ್ಕ. ಕೋವಿಗೆ ಸರಾಸರಿ 110 ಬೀಳುತ್ತದೆ. ಕರ್ಜನ್ ಕಾಲದಲ್ಲಿ ಅದು 32ರ ಆಸುಪಾಸಿನಲ್ಲಿತ್ತು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ 36 ವರ್ಷದಲ್ಲಿ ತಲಾ ಉತ್ಪಾದಕತೆ ಮೂರು ಪಟ್ಟಿಗೂ ಹೆಚ್ಚು. ಯಾವ ಮ್ಯಾನೇಜರ್ ತಾನೇ ಖುಷಿಪಡಲ್ಲ!

ತಮಾಷೆ ಇರಲಿ. ಅಲ್ಲಿನ ಪದಗಳನ್ನು ಗಮನಿಸಿ. ಬೇಟೆಗೆ ಬಂದ ಮನುಷ್ಯರನ್ನು ಎಣಿಸಿರುವುದು ಕೋವಿಗಳೆಂದು. ಸತ್ತ ಹಕ್ಕಿಗಳನ್ನು ಎಣಿಸಿರುವುದು 'ಬ್ಯಾಗ್' ಎಂದು. ಇಂಗ್ಲಿಷರ ಶಿಕಾರಿ ಭಾಷೆಯಲ್ಲಿ ಇದು ಮಾಮೂಲು ಬಳಕೆ, ಭರತಪುರದವರು ಕಂಡುಹಿಡಿದದ್ದಲ್ಲ. ಆದರೆ ಆ ಬಳಕೆಯಿಂದ ಏನಾಗಿದೆ ನೋಡಿ. ಕೊಂದವನೂ ಇಲ್ಲ, ಸತ್ತದ್ದೂ ಇಲ್ಲ, ಉಳಿದಿರುವುದು ಒಂದು ಉಪಕರಣ ಮತ್ತು ಒಂದು ಚೀಲ. ಏಷ್ಯಾದಲ್ಲೇ ಹೆಸರಾದ ಹಕ್ಕಿಧಾಮದ ಅತಿ ಪ್ರಸಿದ್ಧ ಬರಹದಲ್ಲಿ ಹಕ್ಕಿಯ ಜಾತಿಯ ಲೆಕ್ಕವಿಲ್ಲ. ಸೂಜಿಬಾಲದ ಬಾತು ಎಷ್ಟು, ಚಲುಕದ ಬಾತು ಎಷ್ಟು, ಗಾಯವಾಗಿ ಜೊಂಡಿನೊಳಗೆ ತೂರಿ ಆಮೇಲೆ ಸತ್ತದ್ದು ಎಷ್ಟು, ಕೇಳಬೇಡಿ. ಒಟ್ಟು ಮೊತ್ತ ಮಾತ್ರ.

ಇಲ್ಲಿ ನನಗೆ ನಮ್ಮ ಕಡೆಯ ಇನ್ನೊಂದು ಬೇಟೆಯ ಕಲ್ಲು ನೆನಪಾಗದೆ ಇರಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿರುವ, ಹತ್ತನೇ ಶತಮಾನದ ಶಾಸನ. ಮಣಲೇರ ಎಂಬ ವೀರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ಒಂದು ಬೇಟೆನಾಯಿಯನ್ನು ಕೇಳಿ ಪಡೆದಿದ್ದ. ಹೆಸರು ಕಾಳಿ. ಅದು ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿತು, ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಅದಕ್ಕಾಗಿ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜೆಯ ವ್ಯವಸ್ಥೆ ಮಾಡಿದರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರಾಬದುರಾಗಿ ಹೋರಾಡುವ ಚಿತ್ರವೂ ಇದೆ. ಬಡಿದಾಡಿದ ಎರಡು ಪ್ರಾಣಿಗಳಿಗೂ ಆ ಕಲ್ಲಿನಲ್ಲಿ ಜಾಗ ಸಿಕ್ಕಿದೆ. ಹಳೇ ಕಾಲ ಒಳ್ಳೇದಿತ್ತು ಅಂತ ಹೇಳುತ್ತಿಲ್ಲ, ಆ ಹಂದಿಯನ್ನು ಓಡಿಸಿಕೊಂಡು ಬಂದ ಆಳುಗಳ ಹೆಸರು ಅಲ್ಲೂ ಇಲ್ಲ. ಆದರೂ ಬೇಟೆಯ ಬಗ್ಗೆ ಕಲ್ಲು ಕೆತ್ತಿಸುವಾಗ ಹೀಗೂ ಕೆತ್ತಿಸಬಹುದು ಅನ್ನೋದಕ್ಕೆ ಅದೊಂದು ಸಾಕ್ಷಿ.

ಭರತಪುರದ ಕಲ್ಲನ್ನು ಬರೆಸಿದವರಿಗೆ ನಾಚಿಕೆ ಏನೂ ಇದ್ದ ಹಾಗಿಲ್ಲ. ಇದು ಹೆಮ್ಮೆಯ ಪಟ್ಟಿ. ಸಂಸ್ಥಾನಕ್ಕೆ ವೈಸ್‌ರಾಯ್ ಬರುವುದು ಎಂದರೆ ರಾಜಕೀಯ. ಅವನ ಮರ್ಜಿಯ ಮೇಲೆ ಎಷ್ಟೋ ವಿಷಯ ನಿಂತಿರುತ್ತಿತ್ತು. ಅವನ ಕೈಗೆ ಕೋವಿ ಕೊಟ್ಟು, ತಲೆ ಮೇಲೆ ಸಾವಿರಾರು ಬಾತುಗಳು ಹಾರುವ ಹಾಗೆ ವ್ಯವಸ್ಥೆ ಮಾಡುವುದು ಆ ಕಾಲದ ಕ್ಲೈಂಟ್ ವಿಸಿಟ್. ಲಿನ್‌ಲಿತ್‌ಗೋ ವೈಸ್‌ರಾಯ್ ಆಗುವ ಮೊದಲು ಭಾರತದ ಕೃಷಿ ಕುರಿತ ರಾಯಲ್ ಕಮಿಷನ್ನಿನ ಅಧ್ಯಕ್ಷನಾಗಿದ್ದವನು. ಹಳ್ಳಿ, ಹುಲ್ಲು, ದನಕರು ಅಂತ ದೊಡ್ಡ ವರದಿ ಕೊಟ್ಟವನು. ಅಂಥವನ ಹೆಸರು ಇಲ್ಲಿ ಉಳಿದಿರುವುದು 4,273ರ ಪಕ್ಕದಲ್ಲಿ.

ಈಗ ಕಲ್ಲಿನ ಪಕ್ಕ ನಿಂತು ಎಲ್ಲರೂ ಹೇಳುವ ವಾಕ್ಯಕ್ಕೆ ಬರೋಣ. "ರಾಜರು ಬೇಟೆಗೆ ಅಂತ ಇಟ್ಟುಕೊಂಡಿದ್ದಕ್ಕೇ ಇದು ಉಳೀತು ಸಾರ್." ನಮ್ಮ ಬಂಡೀಪುರದ ಬಗ್ಗೆಯೂ ಇದೇ ವಾಕ್ಯ ಕೇಳಿದ್ದೀರಿ, ರಣಥಂಬೋರ್, ಸರಿಸ್ಕಾ, ಗಿರ್, ಎಲ್ಲ ಕಡೆಯೂ ಇದೇ. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಅಲ್ಲಗಳೆಯಲ್ಲ. ಸ್ವಾತಂತ್ರ್ಯ ಬಂದ ಮೇಲೆ ಈ ತಗ್ಗಿನ ನೀರು ಬಸಿದು ಉಳುವವರಿಗೆ ಹಂಚಿ ಎಂಬ ಒತ್ತಾಯ ಜೋರಾಗಿಯೇ ಇತ್ತು. ಅದನ್ನು ತಡೆಯಲು ಓಡಾಡಿದವರಲ್ಲಿ ಸಲೀಂ ಅಲಿ ಮುಖ್ಯರು. 1940ರಲ್ಲಿ ಮೈಸೂರು ಮಹಾರಾಜರಿಗೆ ಹೇಳಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಿದವರೂ ಅವರೇ. 1956ರಲ್ಲಿ ಭರತಪುರವೂ ಪಕ್ಷಿಧಾಮವಾಯಿತು. ಬೇಟೆಗಾಗಿ ಮೀಸಲಿಟ್ಟ ಜಾಗವಾಗಿರದೆ ಹೋಗಿದ್ದರೆ ಉಳಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ ಅನ್ನೋದು ಒಪ್ಪತಕ್ಕ ಮಾತು.

ಆದರೆ 'ಉಳೀತು' ಅನ್ನೋ ಕ್ರಿಯಾಪದ ಇದೆಯಲ್ಲ, ತಕರಾರು ಇರುವುದು ಅದರ ಬಗ್ಗೆ. ಮೊದಲಿನಿಂದ ಇದ್ದದ್ದು ಇದ್ದ ಹಾಗೇ ಉಳಿಯಿತು ಅಂತ ಅದರ ಧ್ವನಿ. ಅಲ್ಲಿ ಇದ್ದದ್ದೇನು? ಹದಿನೆಂಟನೇ ಶತಮಾನದಲ್ಲಿ ರಾಜ ಸೂರಜ್ ಮಲ್ ಗಂಭೀರ್ ಮತ್ತು ಬಾಣಗಂಗಾ ನದಿಗಳ ನೀರಿಗೆ ಅಜಾನ್ ಬಂದ್ ಎಂಬ ಏರಿ ಕಟ್ಟಿಸಿದ. ಪಕ್ಕದ ತಗ್ಗಿನಲ್ಲಿ ನೀರು ನಿಂತು ಹಕ್ಕಿ ಬರತೊಡಗಿದವು. ಹತ್ತೊಂಬತ್ತನೇ ಶತಮಾನದ ಕೊನೆಗೆ, ಭರತಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಮೋರ್ವಿ ಸಂಸ್ಥಾನದ ರಾಜಕುಮಾರ ಹರ್ಭಾಮ್‌ಜಿ, ಇಂಗ್ಲೆಂಡಿನ ಬಾತುಬೇಟೆಯ ಮಾದರಿಯಲ್ಲಿ ಇದನ್ನು ತಿದ್ದಿದ. ಅಜಾನ್ ಬಂದ್‌ನಿಂದ ನೀರು ತರುವ ಕಾಲುವೆ, ತಗ್ಗನ್ನು ಭಾಗ ಭಾಗ ಮಾಡುವ ಸಣ್ಣ ಏರಿಗಳು, ತೂಬುಗಳು ಬಂದವು. ಇವತ್ತು ನಾವು ರಿಕ್ಷಾದಲ್ಲಿ ಕೂತು, ಎರಡೂ ಕಡೆ ನೀರು ನೋಡುತ್ತಾ, "ವಾವ್, ಎಂಥಾ ನೇಚರ್" ಅನ್ನುತ್ತೇವಲ್ಲ, ಆ ನೀರು ಅಲ್ಲಿ ನಿಂತಿರುವುದು ಈ ಏರಿ-ತೂಬುಗಳ ಲೆಕ್ಕಾಚಾರದಿಂದ.

ಅಂದರೆ ಕೇವಲಾದೇವ್ ಕಾಡಲ್ಲ, ಕೆರೆ. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತುಂಬುತ್ತದೆ, ಬೇಸಿಗೆಗೆ ಇಳಿಯುತ್ತದೆ, ಇಳಿದ ಅಂಗಳದಲ್ಲಿ ಹುಲ್ಲು ಚಿಗುರುತ್ತದೆ, ದನ ಎಮ್ಮೆ ಇಳಿಯುತ್ತವೆ. ಸುತ್ತಲ ಹಳ್ಳಿಗಳ ಎಮ್ಮೆಗಳು ಅಲ್ಲಿ ತಲೆಮಾರುಗಳಿಂದ ಮೇಯುತ್ತಿದ್ದವು, ರಾಜರ ಬೇಟೆ ನಡೆಯುತ್ತಿದ್ದ ಕಾಲದಲ್ಲೂ. ಅಲ್ಲಿ ಬಾತು ಎಷ್ಟು ನಿಜವೋ ಎಮ್ಮೆಯೂ ಅಷ್ಟೇ ನಿಜ. ಕಲ್ಲಿನಲ್ಲಿ ಎಮ್ಮೆ ಇಲ್ಲ, ಇರಬೇಕಾಗಿಯೂ ಇಲ್ಲ ಬಿಡಿ, ಅದು ಬೇಟೆಯ ಪಟ್ಟಿ. ತೊಂದರೆ ಶುರುವಾದದ್ದು ಆ ಕಲ್ಲಿನ ದೃಷ್ಟಿಯಲ್ಲೇ ಜಾಗವನ್ನು ನೋಡುವ ಅಭ್ಯಾಸ ಮುಂದಿನವರಿಗೂ ಬಂದಾಗ.

1956ರಲ್ಲಿ ಪಕ್ಷಿಧಾಮ ಆಯಿತು ಅಂದೆನಲ್ಲ, ಬೇಟೆ ನಿಲ್ಲಲಿಲ್ಲ. ಮಹಾರಾಜರು ತಮ್ಮ ಬೇಟೆಯ ಹಕ್ಕನ್ನು ಉಳಿಸಿಕೊಂಡರು, 1972ರವರೆಗೂ ಅದು ಇತ್ತು. ದೊಡ್ಡ ಬೇಟೆಗಳು ಸ್ವತಂತ್ರ ಭಾರತದ ಗಣ್ಯರ ಸಲುವಾಗಿ 1960ರ ದಶಕದ ಮಧ್ಯದವರೆಗೆ ನಡೆದವು. ಹತ್ತು ಹದಿನಾರು ವರ್ಷ ಒಂದೇ ಜಾಗ ಒಂದೇ ಹೊತ್ತಿಗೆ ಹಕ್ಕಿಧಾಮವೂ ಹೌದು, ಬೇಟೆಯ ಜಾಗವೂ ಹೌದು. ರಾಜರ ಹಕ್ಕನ್ನು ತೆಗೆಯಲು ಸರ್ಕಾರ ಅಷ್ಟು ಕಾಲ ತೆಗೆದುಕೊಂಡಿತು. ಪತ್ರ, ಮಾತುಕತೆ, ಗೌರವ, ಎಲ್ಲ ಇತ್ತು.

ಎಮ್ಮೆಯವರ ಹಕ್ಕನ್ನು ಹೇಗೆ ತೆಗೆದರು?

1982ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಜಾನುವಾರು ಮೇಯುವಂತಿಲ್ಲ. ಪಾರ್ಕಿನ ಸುತ್ತ ಭರತಪುರ ನಗರದ ಜೊತೆ 17 ಹಳ್ಳಿಗಳಿವೆ. ಸುತ್ತಲೂ ಎರಡು ಮೀಟರ್ ಎತ್ತರದ ಗೋಡೆ ಎದ್ದಿತು. ಆ ವರ್ಷದ ನವೆಂಬರ್‌ನಲ್ಲಿ ಮೇಯಿಸುವುದನ್ನು ನಿಲ್ಲಿಸಿದರು, ಬದಲಿಗೆ ಮೇವಿನ ಸರಿಯಾದ ವ್ಯವಸ್ಥೆ ಇರಲಿಲ್ಲ. ಊರವರು ಎಮ್ಮೆ ಹೊಡೆದುಕೊಂಡು ಒಳಗೆ ಹೋಗಲು ಬಂದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಎಷ್ಟು ಜನ? ಒಂದು ಬರಹದಲ್ಲಿ ಏಳು ಅಂತಿದೆ, ಇನ್ನೊಂದರಲ್ಲಿ ಬೇರೆ ಸಂಖ್ಯೆ ಇದೆ. 1938ರ ನವೆಂಬರ್‌ನ ಒಂದು ದಿನ ಇಲ್ಲಿ ಬಿದ್ದ ಬಾತುಗಳ ಲೆಕ್ಕ ಬಿಡಿಯ ಸ್ಥಾನದವರೆಗೂ ಕರಾರುವಾಕ್ಕಾಗಿ ಕಲ್ಲಿನಲ್ಲಿದೆ. 1982ರ ನವೆಂಬರ್‌ನಲ್ಲಿ ಅದೇ ಜಾಗದ ಅಂಚಿನಲ್ಲಿ ಬಿದ್ದ ಮನುಷ್ಯರ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ.

ನಾನು ಈ ಪಾರ್ಕಿನ ಬಗ್ಗೆ ಓದಿದ್ದರಲ್ಲಿ ಇದಕ್ಕಿಂತ ಕಷ್ಟವಾದ ಸಂಗತಿ ಇನ್ನೊಂದಿಲ್ಲ. ಆದರೆ ಕಥೆ ಇಲ್ಲಿಗೆ ನಿಲ್ಲಲ್ಲ. ಮೇಯಿಸುವುದನ್ನು ನಿಲ್ಲಿಸಬೇಕು ಅಂತ ಹೇಳಿದವರಲ್ಲಿ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೂ ಇದ್ದರು. ಅದೇ ಸೊಸೈಟಿ 1980ರಿಂದ ಹತ್ತು ವರ್ಷ ಅಲ್ಲೇ ಕೂತು ನೀರು, ಗಿಡ, ಮೀನು, ಹಕ್ಕಿ ಎಲ್ಲವನ್ನೂ ಅಧ್ಯಯನ ಮಾಡಿತು. ನೇತೃತ್ವ ವಿ. ಎಸ್. ವಿಜಯನ್ ಅವರದು. ಹೊರಬಿದ್ದ ಫಲಿತಾಂಶ ಇದು: ಎಮ್ಮೆಗಳು ಹೋದ ಮೇಲೆ ಪಾಸ್ಪಾಲಮ್ ಅನ್ನೋ ಹುಲ್ಲು ನೀರಿನ ಮೇಲೆಲ್ಲ ಹಬ್ಬಿಕೊಂಡಿತು. ತೆರೆದ ನೀರು ಕಡಿಮೆಯಾಯಿತು. ಬಾತುಗಳಿಗೆ ಬೇಕಾದದ್ದು ತೆರೆದ ನೀರು. ಆ ಹುಲ್ಲನ್ನು ಇಷ್ಟು ದಿನ ಹತೋಟಿಯಲ್ಲಿ ಇಟ್ಟಿದ್ದದ್ದು ಎಮ್ಮೆಗಳೇ. ಹಕ್ಕಿಗಳಿಗಾಗಿ ಎಮ್ಮೆಗಳನ್ನು ಓಡಿಸಿದ್ದು ಹಕ್ಕಿಗಳಿಗೇ ಒಳ್ಳೆಯದಾಗಲಿಲ್ಲ.

ನಮ್ಮೂರ ಕೆರೆಯಲ್ಲಿ ಎಮ್ಮೆ ಇಳಿಯದ ಮೂಲೆ ಯಾವುದು ಅಂತ ಜೊಂಡು ನೋಡಿಯೇ ಹೇಳಬಹುದಿತ್ತು. ಅದಕ್ಕೆ ಯಾವ ಡಿಗ್ರಿಯೂ ಬೇಕಿರಲಿಲ್ಲ. ಹಾಗಂತ, "ನೋಡಿ, ವಿಜ್ಞಾನಿಗಳಿಗೆ ಗೊತ್ತಿರಲಿಲ್ಲ, ಹಳ್ಳಿಯವರಿಗೆ ಗೊತ್ತಿತ್ತು" ಅಂತ ಕುಣಿಯುವುದೂ ಸರಿಯಲ್ಲ. ತಾನೇ ಕೊಟ್ಟ ಸಲಹೆ ಹಾಳು ಮಾಡಿತು ಅಂತ ತನ್ನದೇ ಹತ್ತು ವರ್ಷದ ಅಂಕಿಅಂಶ ಇಟ್ಟು ಹೇಳುವ ಸಂಸ್ಥೆಗಳು ಎಷ್ಟಿವೆ ಹೇಳಿ? ನಾನಂತೂ ನೌಕರಿ ಮಾಡಿದ ಕಡೆ ಕಂಡಿಲ್ಲ. ಆ ವರದಿ ಮುಗಿಯುವ ಹೊತ್ತಿಗೆ ಸಲೀಂ ಅಲಿ ಇರಲಿಲ್ಲ, 1987ರಲ್ಲೇ ತೀರಿಕೊಂಡಿದ್ದರು. ಓದಿದ್ದರೆ ಒಪ್ಪಿಕೊಳ್ಳುತ್ತಿದ್ದರು ಅಂತ ನನ್ನ ಅನಿಸಿಕೆ. ಹರೆಯದಲ್ಲಿ ಕೋವಿ ಹಿಡಿದು ಹಕ್ಕಿ ಹೊಡೆಯುತ್ತಿದ್ದೆ ಎಂಬುದನ್ನು ಮುಚ್ಚಿಡದೆ ಆತ್ಮಕಥೆಯಲ್ಲಿ ಬರೆದ ಮನುಷ್ಯ ಅವರು.

ಆಮೇಲೆ ಊರವರಿಗೆ ಒಳಗೆ ಹೋಗಿ ಹುಲ್ಲು ಕೊಯ್ದುಕೊಂಡು ಹೋಗಲು ಪರವಾನಗಿ ಕೊಟ್ಟರು. ಎಮ್ಮೆ ಒಳಗೆ ಹೋಗುವಂತಿಲ್ಲ, ಎಮ್ಮೆಯವನು ಕುಡುಗೋಲು ಹಿಡಿದು ಹೋಗಬಹುದು. ಕಾನೂನು ಅಷ್ಟಕ್ಕೆ ಜಾಗ ಕೊಡುತ್ತದೆ.

ನನ್ನ ಆಕ್ಷೇಪ ಏನು ಅಂದರೆ, ಬೇಟೆಯ ಜಾಗ ರಾಷ್ಟ್ರೀಯ ಉದ್ಯಾನ ಆದಾಗ ಕೋವಿ ಹೋಯಿತು, ಪಟ್ಟಿಯ ಕಾಲಮ್‌ಗಳು ಹಾಗೇ ಉಳಿದವು. ಹೊರಗಿನಿಂದ ಬರುವ ಅತಿಥಿ, ಅವನು ಬಂದ ದಿನ, ಅವನಿಗೆ ಸಿಕ್ಕ ಹಕ್ಕಿ. ನಾವು ಸಾಫ್ಟ್‌ವೇರ್‌ನವರು ಹಳೇ ಸಿಸ್ಟಮ್ ಬದಲಾಯಿಸುವಾಗ ಎಷ್ಟೋ ಸಲ ಸ್ಕ್ರೀನ್ ಹೊಸದು ಮಾಡಿ ಟೇಬಲ್‌ಗಳನ್ನು ಹಾಗೇ ಬಿಡುತ್ತೇವಲ್ಲ, ಥೇಟ್ ಹಾಗೆ. ಆ ಟೇಬಲ್‌ನಲ್ಲಿ ಸುತ್ತಲಿನ 17 ಹಳ್ಳಿಗೆ ಕಾಲಮ್ ಯಾವತ್ತೂ ಇರಲಿಲ್ಲ. ರಾಜರ ಕಾಲದಲ್ಲಿ ಅವರ ಎಮ್ಮೆಗಳು ಒಳಗೆ ಇದ್ದವು, ಆದರೆ ಬರವಣಿಗೆಯಲ್ಲಿ ಇರಲಿಲ್ಲ. ಬರವಣಿಗೆಯಲ್ಲಿ ಇಲ್ಲದ್ದನ್ನು ಹೊರಗೆ ಹಾಕುವುದು ಸುಲಭ.

ಅತಿಥಿಗಳಲ್ಲಿ ನಾವೂ ಇದ್ದೇವೆ. ಲಾಂಗ್ ವೀಕೆಂಡಿಗೆ ದೆಹಲಿಗೆ ಹಾರಿ, ಬಾಡಿಗೆ ಕಾರಿನಲ್ಲಿ ಹೋಗಿ, ಎರಡು ಕೈಯಲ್ಲೂ ಹಿಡಿಯಲಾಗದ ಲೆನ್ಸ್ ಹೊತ್ತು, ಸಂಜೆಗೆ ಗ್ರೂಪಿನಲ್ಲಿ "ಇವತ್ತು 71 ಜಾತಿ" ಅಂತ ಹಾಕುತ್ತೇವೆ. ಫೋಟೋ ತೆಗೆಯುವುದನ್ನೂ 'ಶೂಟ್' ಅಂತಲೇ ಕರೆಯುತ್ತೇವೆ. ಕ್ಯಾಮೆರಾ ಕೋವಿಯಲ್ಲ, ಹಕ್ಕಿ ಬದುಕಿರುತ್ತದೆ. ಅದು ಸಣ್ಣ ವ್ಯತ್ಯಾಸವೇನಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸೋಗು. ಆದರೆ ನಮಗೆ ಹಕ್ಕಿ ತೋರಿಸುವ ರಿಕ್ಷಾದವರಿಗೆ ಆ ಪೋಸ್ಟಿನಲ್ಲಿ ಜಾಗ ಇರುತ್ತದಾ? ಭರತಪುರದ ರಿಕ್ಷಾದವರು ತರಬೇತಿ ಪಡೆದ ಪಕ್ಷಿ ಗೈಡುಗಳು. ನೂರಾರು ಹಕ್ಕಿಗಳನ್ನು ದೂರದಿಂದಲೇ ಗುರುತಿಸುತ್ತಾರೆ. ನಮ್ಮ ಪಟ್ಟಿಯ ಮುಕ್ಕಾಲುಪಾಲು ಅವರ ಕಣ್ಣಿನದು.

ಹಕ್ಕಿ ಮತ್ತು ಊರು ಒಟ್ಟಿಗೆ ಇರಲು ಆಗುವುದೇ ಇಲ್ಲ ಅನ್ನುವವರಿಗೆ ನಾನು ಕೊಕ್ಕರೆ ಬೆಳ್ಳೂರು ತೋರಿಸುತ್ತೇನೆ. ಅದೂ ಮದ್ದೂರು ತಾಲ್ಲೂಕೇ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳ ಮೇಲೇ ಗೂಡು ಕಟ್ಟುತ್ತವೆ. ಅಲ್ಲಿಯ ಪಾಠವನ್ನು ಎತ್ತಿ ಭರತಪುರಕ್ಕೆ ಅಂಟಿಸಲು ಆಗುವುದಿಲ್ಲ, ಅದು ಬೇರೆ ಬಗೆಯ ಜಾಗ. ಗೋಡೆಯೊಂದೇ ದಾರಿ ಅನ್ನೋ ಮಾತಿಗೆ ಮಾತ್ರ ಅದು ಉತ್ತರ.

ಭರತಪುರದ ಸೈಬೀರಿಯನ್ ಕ್ರೇನ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುತ್ತಾರೆ. 1960ರ ದಶಕದಲ್ಲಿ ಸುಮಾರು 200 ಬರುತ್ತಿದ್ದವು. 2002ರ ಚಳಿಗಾಲದ ನಂತರ ಬಂದಿಲ್ಲ. ಇದಕ್ಕೆ ಎಮ್ಮೆಯನ್ನೋ ಹುಲ್ಲನ್ನೋ ಮಾತ್ರ ಹೊಣೆ ಮಾಡಲು ಆಗಲ್ಲ, ಅವು ಹಾದು ಬರುವ ದೇಶಗಳ ದಾರಿಯುದ್ದಕ್ಕೂ ಅಪಾಯಗಳಿದ್ದವು.

ಇನ್ನು ಉಳಿದಿರುವುದು ನೀರು. ರಾಜರ ಕಾಲದ ಬಗ್ಗೆ ಹಳಹಳಿಸುವವರ ಮಾತಿನಲ್ಲಿ ನಿಜವಾದ ತೂಕ ಇರುವುದು ಇಲ್ಲಿ. ಮಹಾರಾಜ ಹೇಳಿದರೆ ಅಜಾನ್ ಬಂದ್‌ನ ತೂಬು ಎತ್ತುತ್ತಿದ್ದರು, ಮುಗೀತು. ಈಗ ಗಂಭೀರ್ ನದಿಗೆ ಮೇಲ್ಗಡೆ ಕರೌಲಿ ಜಿಲ್ಲೆಯಲ್ಲಿ ಪಾಂಚನಾ ಅಣೆಕಟ್ಟು ಇದೆ. 2000ರ ದಶಕದಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಅಲ್ಲಿನ ರೈತರು ನೀರು ಬಿಡಬಾರದು ಅಂತ ಪಟ್ಟು ಹಿಡಿದರು, ಕೆಳಗೆ ಪಾರ್ಕು ಒಣಗಿತು. ಪಾರ್ಕಿಗೆ ಒಂದು ವರ್ಷಕ್ಕೆ ಬೇಕಾದದ್ದು ಸುಮಾರು 550 ದಶಲಕ್ಷ ಘನ ಅಡಿ. ನಮ್ಮ ಕಾವೇರಿ ಲೆಕ್ಕದಲ್ಲಿ ಅರ್ಧ ಟಿಎಂಸಿ ಚಿಲ್ಲರೆ, ಪತ್ರಿಕೆಯಲ್ಲಿ ಓದಿದರೆ ನಾವು ಗಮನಿಸುವ ಅಂಕಿಯೂ ಅಲ್ಲ. ಕರೌಲಿಯ ರೈತರಿಗೆ ಹೋಗಿ "ಬಾತುಗಳಿಗೆ ಬಿಡಿ" ಅಂತ ಹೇಳುವ ಧೈರ್ಯ ಕಾವೇರಿ ಕೊಳ್ಳದಲ್ಲಿ ಹುಟ್ಟಿದ ಯಾರಿಗೂ ಬರಲಾರದು. ಅವರ ಹೊಲ ಅವರಿಗೆ ಮೊದಲು. ರಾಜನ ಅಪ್ಪಣೆಯ ಕಾಲದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವಂತಿರಲಿಲ್ಲ, ಅದಕ್ಕೇ ಆಗ ಅದು ಸಲೀಸಾಗಿ ಕಾಣುತ್ತಿತ್ತು.

ಈಗ ಗೋವರ್ಧನ ಡ್ರೈನ್‌ನಿಂದ ಪೈಪಿನಲ್ಲಿ ಒಂದಿಷ್ಟು, ಚಂಬಲ್‌ನಿಂದ ಒಂದಿಷ್ಟು, ಮಳೆ ಒಲಿದರೆ ಗಂಭೀರ್‌ನಿಂದ ಒಂದಿಷ್ಟು ಅಂತ ನೀರು ಕೂಡಿಸುತ್ತಿದ್ದಾರೆ. ಬಣ್ಣದ ಕೊಕ್ಕರೆಗಳು ಮಳೆಗಾಲದ ನೀರು ನೋಡಿಯೇ ಅಲ್ಲಿನ ಜಾಲಿ ಮರಗಳ ಮೇಲೆ ಗೂಡು ಶುರು ಮಾಡುತ್ತವೆ, ಮರಿಗಳಿಗೆ ಮೀನು ಬೇಕಲ್ಲ. ನೀರು ಬಾರದ ವರ್ಷ ಅವು ಗೂಡು ಕಟ್ಟುವುದಿಲ್ಲ.